ಬ್ಯಾಡಗಿ ಸ್ಟೇಷನ್ ಬರುವುದರೊಳಗೆ

ನಮ್ಮ ಆಡಿಟರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಯಾವಾಗಲೂ ಒಣಗಿದ ಅಂಟು ಇರುತ್ತಿತ್ತು. ಮಾತಾಡುತ್ತಾ ಅದನ್ನು ತೋರುಬೆರಳಿನಿಂದ ಉಜ್ಜಿ ಉಜ್ಜಿ ಸಿಪ್ಪೆ ಎಬ್ಬಿಸುವರು, ಊಟಕ್ಕೆ ಕುಳಿತಾಗಲೂ. ಅಮ್ಮಾರು, ಅಂದರೆ ಅವರ ಹೆಂಡತಿ, "ರೊಟ್ಟಿ ಜೋಡಿ ಅದನ್ನೂ ತಿಂತೀರೇನ್ರಿ?" ಎಂದು ಗದರುತ್ತಿದ್ದರು. ಅದು ಮೈದಾ ಹಿಟ್ಟು ಕುದಿಸಿ ಮನೆಯಲ್ಲೇ ಮಾಡಿಕೊಂಡ ಅಂಟು. ತೆರಿಗೆಯ ಕಾಯ್ದೆಯಲ್ಲಿ ಏನಾದರೂ ಬದಲಾದರೆ ಅದನ್ನು ಸಣ್ಣ ಚೀಟಿಯಲ್ಲಿ ಕೈಯಾರೆ ಬರೆದು, ಪುಸ್ತಕದಲ್ಲಿ ಆ ಕಲಮಿನ ಮೇಲೆಯೇ ಅಂಟಿಸುವುದು ಅವರ ಪದ್ಧತಿ. ಚೀಟಿಯ ಮೇಲೆ ಚೀಟಿ ಕೂತು ಪುಸ್ತಕ ಉಬ್ಬಿ, ಮುಚ್ಚಲು ಬಾರದೆ, ದಾರ ಕಟ್ಟಿ ಇಡಬೇಕಾಗುತ್ತಿತ್ತು. ಇದೆಲ್ಲ ಫೋನಿನಲ್ಲೇ ಸಿಗುತ್ತದಲ್ಲ ಸರ್ ಎಂದು ನಾನೊಮ್ಮೆ ಅಂದೆ. ಫೋನಿನೊಳಗೆ ಇದ್ದದ್ದು ಫೋನಿಗೆ ಗೊತ್ತಿರುತ್ತದೆ, ನಿನಗಲ್ಲ ಎಂದರು.

ಹಾವೇರಿಯಲ್ಲಿ ಕೋರ್ಟಿನ ಕಡೆ ಹೋಗುವ ರಸ್ತೆಯಲ್ಲಿ, ಝೆರಾಕ್ಸ್ ಅಂಗಡಿಯೊಂದರ ಮೇಲಿನ ಎರಡು ಕೋಣೆ ಅವರ ಆಫೀಸು. ಮನೆ ರಾಣೆಬೆನ್ನೂರಿನಲ್ಲಿ. ಬೆಳಿಗ್ಗೆ ರೈಲಿನಲ್ಲಿ ಹಾವೇರಿಗೆ, ಸಂಜೆ ಅದೇ ದಾರಿಯಲ್ಲಿ ವಾಪಸು. ನಾನು ಹುಟ್ಟುವ ಮೊದಲಿನಿಂದಲೂ ಅವರ ದಿನಚರಿ ಇದೇ. ನಾನು ಕುಪ್ಪೇಲೂರಿನವಳು. ಬಿ.ಕಾಂ. ಮುಗಿಸಿ ಸಿ.ಎ. ಮಾಡುತ್ತೇನೆಂದು ಹಟ ಹಿಡಿದಾಗ ಅಪ್ಪ ನನ್ನನ್ನು ಅವರ ಮುಂದೆ ತಂದು ನಿಲ್ಲಿಸಿ, "ಓದಿನಾಗ ಶ್ಯಾಣೇಕಿ ಅದಾಳ್ರಿ, ಆದ್ರ ನಾಲಗಿ ಭಾಳ ಹರಿತ" ಎಂದು ಹೇಳಿಯೇ ಬಿಟ್ಟರು. ಎತ್ತು ಮಾರುವಾಗ ಹಾಯುವ ಚಾಳಿ ಇದೆ ಅಂತ ಮೊದಲೇ ಹೇಳಿಬಿಡುತ್ತಾರಲ್ಲ, ಹಾಗೆ. ಆಡಿಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇರಲಿ ಬಿಡ್ರಿ, ಹರಿತ ಇರೋರೇ ಬೇಕಾಗಿದ್ರು ಎಂದರು. ಹೀಗೆ ನಾನು ಅವರ ಕೈಕೆಳಗೆ ಕೆಲಸ ಕಲಿಯಲು ಸೇರಿಕೊಂಡೆ.

ನನ್ನ ನಾಲಿಗೆಯ ವಿಷಯದಲ್ಲಿ ಅಪ್ಪ ಸುಳ್ಳು ಹೇಳಿರಲಿಲ್ಲ. ಆಡಿಟರ ಮುಂದೆ ಊರ ಮಂದಿಯೆಲ್ಲ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದರೆ ನಾನು ಒಂದೇ ತಿಂಗಳಿಗೆ ಅವರ ತಪ್ಪು ಹುಡುಕಲು ಶುರು ಮಾಡಿದ್ದೆ. ಕೂಡಿಸುವುದರಲ್ಲಿ ತಪ್ಪಿದ್ದರೆ "ಸರ್, ಇಲ್ಲಿ ಜಾರೀರಿ" ಎಂದು ನಾಲ್ಕು ಜನರೆದುರು ಹೇಳಿಬಿಡುವೆ. ಬಂದವರು ಗಾಬರಿಯಾಗುತ್ತಿದ್ದರು. ಅವರಿಗೆ ಮಾತ್ರ ಎಲ್ಲಿಲ್ಲದ ಖುಷಿ. ತಪ್ಪು ಹಿಡಿದ ದಿನ ಕೆಳಗಿನ ಗಾಡಿಯಿಂದ ಗಿರ್ಮಿಟ್ಟು, ಮಿರ್ಚಿ ತರಿಸಿ, ಮೊದಲ ತುತ್ತು ನನಗೆ ಕೊಟ್ಟು ತಾವು ತಿನ್ನುತ್ತಿದ್ದರು. ಅಲ್ಲಿಯವರೆಗೆ ನನ್ನ ನಾಲಿಗೆಗೆ ಯಾರಿಂದಲೂ ತಿಂಡಿ ಸಿಕ್ಕಿರಲಿಲ್ಲ, ಬೈಗುಳವೇ ಸಿಕ್ಕಿತ್ತು.

ಐದನೇ ಸಲಕ್ಕೆ ನಾನು ಕೊನೆಯ ಪರೀಕ್ಷೆ ಪಾಸಾದೆ. ನಾಲ್ಕು ಸಲ ಬಿದ್ದವಳು ಪಾಸಾದಾಗ ಹೇಗೆ ಕುಣಿಯಬೇಕೋ ಹಾಗೆಯೇ ಕುಣಿದೆ. ಪೇಡೆಯ ಡಬ್ಬಿ ಹಿಡಿದುಕೊಂಡು ಅವರ ಮನೆಗೆ ಹೋದೆ. ಇನ್ನು ಮೇಲೆ ಪುಸ್ತಕ ಮುಟ್ಟಿದರೆ ಕೇಳಿ ಸರ್ ಎಂದು ಬೇರೆ ಅಂದೆ. ಅವರು ಪೇಡೆ ತಿಂದು, ಕೈ ಒರೆಸಿಕೊಂಡು, ನನ್ನನ್ನು ಕೂರಿಸಿ ಹೇಳಿದ ಮಾತು ಇದು:

"ಪಾಸಾದ ದಿನಾನ ಓದು ನಿಲ್ಲಿಸಿದ್ರ ಮರುದಿನದಿಂದ ನಾಪಾಸ ತಂಗಿ. ಕಾಯ್ದೆ ಪ್ರತಿ ವರ್ಷ ಬದಲಾಗತೈತಿ, ನಿನ್ನ ಸರ್ಟಿಫಿಕೇಟು ಬದಲಾಗೂದಿಲ್ಲ. ಅದನ್ನ ನೋಡಿ ಮಂದಿ ನಂಬತಾರ. ಅದಕ್ಕ ಅದು ಭಾಳ ಅಪಾಯದ ಕಾಗದ."

ಆಮೇಲೆ ನನಗೊಂದು ಕೆಲಸ ವಹಿಸಿದರು. ದಿನಾ ಬೆಳಿಗ್ಗೆ ರೈಲಿನಲ್ಲಿ ನಾನು ಅವರಿಗೆ ಒಂದು ಪ್ರಶ್ನೆ ಕೇಳಬೇಕು, ಅವರು ನನಗೊಂದು ಕೇಳುತ್ತಾರೆ. ಆ ವರ್ಷ ಬದಲಾದದ್ದರ ಮೇಲೆಯೇ ಪ್ರಶ್ನೆ ಇರಬೇಕು. ರಾಣೆಬೆನ್ನೂರು ಬಿಟ್ಟ ಮೇಲೆ ಕೇಳಿದ್ದಕ್ಕೆ ಬ್ಯಾಡಗಿ ಸ್ಟೇಷನ್ ಬರುವುದರೊಳಗೆ ಉತ್ತರ ಕೊಡಬೇಕು. ಪ್ರಶ್ನೆ ಏನು, ಉತ್ತರ ಬಂತೋ ಇಲ್ಲವೋ ಎಂಬುದನ್ನು ಅವರು ಕಿಸೆಯ ಡೈರಿಯಲ್ಲಿ ಬರೆದಿಡುತ್ತಾರೆ. ಇದರಲ್ಲೇನು ದೊಡ್ಡದು ಎಂದುಕೊಂಡೆ. ಅವರು ದನಿ ತಗ್ಗಿಸಿದರು. ಹುಬ್ಬಳ್ಳಿಯಲ್ಲಿ ಅವರಿಗೆ ಕೆಲಸ ಕಲಿಸಿದ ಗುರುಗಳು ಕೊನೆಯ ಎರಡು ವರ್ಷ ಮರೆವಿನಲ್ಲೇ ಸಹಿ ಮಾಡಿದರಂತೆ. ಆಫೀಸಿನವರಿಗೆಲ್ಲ ಗೊತ್ತಿತ್ತು, ಬೆನ್ನ ಹಿಂದೆ ನಗುತ್ತಿದ್ದರು, ಎದುರಿಗೆ ಒಬ್ಬರೂ ಹೇಳಲಿಲ್ಲ. "ನಾನೂ ಹೇಳ್ಲಿಲ್ಲ" ಎಂದರು. "ನನಗ ಹಂಗಾಗಬಾರದು. ನಾ ತಪ್ಪಾಕ ಹತ್ತಿದ ದಿನ ನೀ ಹೇಳಿಬಿಡು. ಅವತ್ತ ಪೆನ್ನ ಕೆಳಗಿಡ್ತೇನಿ. ಬ್ಯಾರೆ ಯಾರ ಕಡೆಯಿಂದಾನೂ ಆಗೂದಿಲ್ಲ, ಈ ಊರಾಗ ನಿನಗೊಬ್ಬಾಕಿಗೆ ನಾಲಗಿ ಐತಿ."

ಆಗಲಿ ಸರ್ ಎಂದೆ. ಎಷ್ಟು ಸುಲಭವಾಗಿ ಅಂದೆನೋ!

ನಾನು ಕುಪ್ಪೇಲೂರಿನಿಂದ ಮೊದಲ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಬಂದು ರೈಲು ಹತ್ತುತ್ತಿದ್ದೆ. ಕಿಟಕಿಯ ಪಕ್ಕ ಅವರು, ಎದುರಿಗೆ ನಾನು. ಕಷ್ಟದ ಪ್ರಶ್ನೆ ಬಿದ್ದರೆ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತಾ ಕಲಮು ಹುಡುಕುವರು. ದೇವರಗುಡ್ಡ ದಾಟುವಾಗ ಸಾಮಾನ್ಯವಾಗಿ ಕಣ್ಣು ತೆರೆಯುತ್ತಿತ್ತು, ಉತ್ತರವೂ ಬರುತ್ತಿತ್ತು. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿ ಹತ್ತಿರವಾದಂತೆ ಮೆಣಸಿನಕಾಯಿ ಘಾಟಿಗೆ ಡಬ್ಬಿಯವರೆಲ್ಲ ಸೀನಲು ಶುರು ಮಾಡಿದರೆ, ಇವರು ಸೀನುತ್ತಲೇ ಉತ್ತರ ಹೇಳಿದ್ದೂ ಉಂಟು. ದಿನಾ ಓಡಾಡುವ ಜನ ಇದನ್ನು ನೋಡಿ, ಈ ವಯಸ್ಸಿನಲ್ಲಿ ಯಾವ ಪರೀಕ್ಷೆಗೆ ಕುಂದ್ರತೀರಿ ಸಾಹೇಬ್ರ ಎಂದು ಚೇಷ್ಟೆ ಮಾಡುವರು. ಏಳು ವರ್ಷ ಹೀಗೆ ನಡೆಯಿತು.

ಜಿಎಸ್‌ಟಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ಅವರ ವಾರಿಗೆಯವರೆಲ್ಲ ಇನ್ನು ನಮ್ಮಿಂದಾಗದು ಎಂದು ಮಕ್ಕಳಿಗೆ ವಹಿಸಿ ಕೈ ತೊಳೆದುಕೊಂಡರು. ಇವರು ಮಾತ್ರ ವಾರವಾರ ನನ್ನನ್ನೂ ಕರೆದುಕೊಂಡು ಹುಬ್ಬಳ್ಳಿಯ ತರಗತಿಗೆ ಹೋಗಿ, ಮೊದಲ ಬೆಂಚಿನಲ್ಲಿ ಕುಳಿತು, ಮೇಷ್ಟ್ರಿಗೆ ಸಾಕುಸಾಕಾಗುವಷ್ಟು ಪ್ರಶ್ನೆ ಕೇಳಿದರು. ಹಿಂದಿನ ಬೆಂಚಿನ ಹುಡುಗರು ಕಿಸಕ್ಕನೆ ನಕ್ಕರೆ ನನಗೆ ಉರಿಯುತ್ತಿತ್ತು, ಅವರಿಗೆ ಕೇಳಿಸಿಯೂ ಇರಲಿಲ್ಲ. ಮಾರಾಟ ತೆರಿಗೆಯ ಹಳೆಯ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ರದ್ದಿಗೆ ಹಾಕಿದರು. ಮರುದಿನ ಬೆಳಿಗ್ಗೆ ಹೊಸ ಪುಸ್ತಕಕ್ಕೆ ಮೊದಲ ಚೀಟಿ ಅಂಟಿತು.

ಅಂಥವರಿಗೂ ಮರೆವು ಬಂತು. ಅದು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ಕೇಳಿದ ಪ್ರಶ್ನೆ ತೀರಾ ಕಷ್ಟದ್ದೇನಲ್ಲ, ಹಿಂದಿನ ವಾರ ತಾವೇ ಚೀಟಿ ಬರೆದದ್ದು. ಕಣ್ಣು ಮುಚ್ಚಿದರು. ದೇವರಗುಡ್ಡ ಹೋಯಿತು, ಬ್ಯಾಡಗಿ ಹೋಯಿತು. "ತಡಿ, ನಾಲಗಿ ಮ್ಯಾಲೆ ಐತಿ" ಎಂದರು. ಹಾವೇರಿಯೂ ಬಂತು. ಇಳಿಯುವಾಗ ಚೀಲ ಮರೆತು ಇಳಿದರು, ನಾನು ಎತ್ತಿಕೊಂಡೆ. ಅವರ ಮುಖ ನೋಡಲಾಗಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಸಲ ಬಿದ್ದ ನನ್ನ ಮುಖವೂ ಅಷ್ಟು ಸಣ್ಣದಾಗಿರಲಿಲ್ಲ.

ಮರುದಿನ ನಾನು ಏನು ಮಾಡಿದೆ? ಮೂವತ್ತು ವರ್ಷದಿಂದ ಬದಲಾಗದ, ಅವರು ನಿದ್ದೆಯಲ್ಲೂ ಹೇಳಬಲ್ಲ ಒಂದು ಆದಾಯ ತೆರಿಗೆಯ ಕಲಮಿನ ಬಗ್ಗೆ ಕೇಳಿದೆ. ಪಟಪಟನೆ ಉತ್ತರ ಹೇಳಿ, ಮಗುವಿನಂತೆ ನಕ್ಕರು. ಹಾವೇರಿಯಲ್ಲಿ ಇಳಿದ ಕೂಡಲೇ ಆಫೀಸಿಗೆಲ್ಲ ಗಿರ್ಮಿಟ್ಟು ತರಿಸಿದರು. ನನಗೂ ಹಾಯೆನಿಸಿತು, ಪುಣ್ಯದ ಕೆಲಸ ಮಾಡಿದೆ ಅನ್ನಿಸಿತು. ಆ ಪುಣ್ಯಕ್ಕಿಷ್ಟು ಬೆಂಕಿ ಹಾಕ! ಆಮೇಲೆ ಅದೇ ಚಾಳಿಯಾಯಿತು. ಹಳೆಯ ಕಲಮುಗಳನ್ನೇ ಒಂದಾದ ಮೇಲೊಂದು ಕೇಳುತ್ತಾ ಹೋದೆ. ಸೋಮವಾರ ಕೇಳಿದ್ದನ್ನು ಮಾತು ತಿರುಗಿಸಿ ಶುಕ್ರವಾರ ಕೇಳಿದೆ. ಅವರು ಸಹಿ ಮಾಡಿದ ಕಾಗದಗಳನ್ನು ಕಳಿಸುವ ಮೊದಲು ಕದ್ದು ನೋಡಿ, ತಪ್ಪಿದ್ದರೆ ತಿದ್ದಿ, ಸರ್ ಇದೊಂದು ಪುಟ ಸರಿಯಾಗಿ ಪ್ರಿಂಟ್ ಆಗಿರಲಿಲ್ಲ ಎಂದು ಸುಳ್ಳು ಹೇಳಿ ಮತ್ತೆ ಸಹಿ ಮಾಡಿಸುತ್ತಿದ್ದೆ. ಹೇಳಬೇಕು ಹೇಳಬೇಕು ಎಂದು ಎಷ್ಟೋ ಬೆಳಿಗ್ಗೆ ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬರುವೆ. ಕಿಟಕಿಯ ಪಕ್ಕ ಅವರು ಡೈರಿ ತೆರೆದು ಕಾಯುತ್ತಿರುವುದನ್ನು ಕಂಡರೆ ಮತ್ತೊಂದು ಹಳೆಯ ಕಲಮೇ ಬಾಯಿಗೆ ಬರುತ್ತಿತ್ತು. ಅವ್ವನ ಹತ್ತಿರ ಹೇಳಿಕೊಂಡೆ. ಮಂದಿಗೆಲ್ಲ ಮಾರಿ ಮೇಲೆ ಹೊಡೆದಂಗ ಮಾತಾಡ್ತಿ, ಅವರಿಗೆ ಹೇಳಾಕ ಏನು ಧಾಡಿ ಎಂದಳು. ಹೀಗೆ ಎರಡು ವರ್ಷ ಕಳೆಯಿತು.

ಕಾಗದವನ್ನಾದರೆ ತಿದ್ದಬಹುದು. ಬಾಯಿ ಮಾತನ್ನು ಯಾರು ತಿದ್ದುತ್ತಾರೆ? ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಒಬ್ಬ ಸಾವುಕಾರರು ಇಪ್ಪತ್ತೈದು ವರ್ಷದಿಂದ ನಮ್ಮ ಆಡಿಟರ ಹತ್ತಿರವೇ ಬರುವವರು. ತೂಕದ ಮನುಷ್ಯ, ಕಡಿಮೆ ಮಾತು. ಅವರ ಮೇಲೆ ತೆರಿಗೆ, ದಂಡ ಹಾಕಿ ಜಿಎಸ್‌ಟಿ ಆದೇಶವೊಂದು ಬಂತು. ಆದೇಶವೇ ತಪ್ಪಾಗಿತ್ತು, ಮೇಲ್ಮನವಿ ಹಾಕಿದ್ದರೆ ನಿಲ್ಲುವಂಥದ್ದಾಗಿರಲಿಲ್ಲ. ಅದನ್ನು ಹಿಡಿದುಕೊಂಡು ಅವರು ಆಫೀಸಿಗೆ ಬಂದ ದಿನ ನಾನು ಕುಮಾರಪಟ್ಟಣದ ಕಡೆ ಒಬ್ಬ ವ್ಯಾಪಾರಿಯ ದಾಸ್ತಾನು ಎಣಿಸಲು ಹೋಗಿದ್ದೆ. ಆಡಿಟರು ಆದೇಶ ಓದಿ, ಇದರಲ್ಲಿ ಹುರುಳಿಲ್ಲ, ಮೇಲ್ಮನವಿ ಹಾಕೋಣ, ಅವಸರವೇನಿಲ್ಲ, ನಿಮ್ಮ ಸುಗ್ಗಿ ಮುಗಿಸಿಕೊಂಡು ಬರ್ರಿ, ತಡವಾದರೆ ಕಾರಣ ಬರೆದರಾಯಿತು ಎಂದು ಕಳಿಸಿದ್ದರು. ಹಳೆಯ ಕಾಯ್ದೆಗಳಲ್ಲಿ ಅದು ನಡೆಯುತ್ತಿತ್ತು. ಜಿಎಸ್‌ಟಿಯಲ್ಲಿ ಮೂರು ತಿಂಗಳು, ತಕ್ಕ ಕಾರಣವಿದ್ದರೆ ಮೇಲೊಂದು ತಿಂಗಳು, ಅದು ದಾಟಿತೋ ಬಾಗಿಲು ಮುಚ್ಚಿತು. ನನಗೆ ಈ ವಿಷಯವನ್ನು ಅವರು ಹೇಳಲಿಲ್ಲ, ಬಹುಶಃ ಅವರಿಗೆ ನೆನಪೇ ಇರಲಿಲ್ಲ.

ಸಾವುಕಾರರು ಸುಗ್ಗಿ ಮುಗಿಸಿಕೊಂಡು ಐದನೇ ತಿಂಗಳಲ್ಲಿ ಬಂದರು. ಆದೇಶದ ತಾರೀಖು ನೋಡಿದೆ. ಬೆರಳು ಮಡಚಿ ಎರಡೆರಡು ಸಲ ತಿಂಗಳು ಎಣಿಸಿದೆ. ಆದರೂ ಮೇಲ್ಮನವಿ ಬರೆದೆವು, ಹಾಕಿದೆವು. ಒಳಗೆ ಏನಿದೆಯೆಂದು ನೋಡದೆಯೇ ತಡವಾಗಿದೆ ಎಂದು ವಾಪಸು ಕಳಿಸಿದರು. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದ ಮೆಣಸಿನಕಾಯಿ ಚೀಲಗಳನ್ನು ಸಾವುಕಾರರು ಬಂದ ದರಕ್ಕೆ ಮಾರಿ ತೆರಿಗೆ, ದಂಡ ತುಂಬಬೇಕಾಯಿತು. ಆಡಿಟರು ನನ್ನನ್ನೂ ಕರೆದುಕೊಂಡು ಬ್ಯಾಡಗಿಗೆ ಹೋಗಿ, ಅಂಗಡಿಯಲ್ಲಿ ಅವರ ಮುಂದೆ ನಿಂತೇ, ತಪ್ಪು ನನ್ನದು, ನನಗೆ ಕಾಯ್ದೆ ಮರೆತಿತ್ತು ಎಂದರು. ಸಾವುಕಾರರು ಎದ್ದು ಅವರ ಕೈ ಹಿಡಿದು ಕೂರಿಸಿ, ಆಗಲಿ ಬಿಡ್ರಿ, ನಮ್ಮ ಹಣೇಬರಹ ಎಂದು ಚಹಾ ತರಿಸಿದರು. ಆ ಚಹಾ ಯಾರೂ ಪೂರ್ತಿ ಕುಡಿಯಲಿಲ್ಲ.

ಮರುದಿನ ರೈಲಿನಲ್ಲಿ ಅವರು ನನ್ನ ಪ್ರಶ್ನೆಗೆ ಕಾಯಲಿಲ್ಲ. ಡೈರಿ ನನ್ನ ತೊಡೆಯ ಮೇಲಿಟ್ಟು ಓದು ಎಂದರು. ಎರಡು ವರ್ಷದ ನನ್ನ ಪ್ರಶ್ನೆಗಳು, ಅವರದೇ ಮುತ್ತಿನಂಥ ಅಕ್ಷರದಲ್ಲಿ, ಪ್ರತಿಯೊಂದರ ಮುಂದೂ 'ಬಂತು', 'ಬಂತು', 'ಬಂತು'. ರಾತ್ರಿಯೆಲ್ಲ ಕುಳಿತು ಓದಿದ್ದರೆಂದು ಕಣ್ಣುಗಳು ಹೇಳುತ್ತಿದ್ದವು.

"ಇದರಾಗ ಹೊಸದು ಯಾವುದೈತಿ ತೋರಿಸು" ಎಂದರು.

ನಾನು ಡೈರಿ ಮುಚ್ಚಿದೆ.

"ನಿನಗ ಗೊತ್ತಿತ್ತು."

ಹೂಂ ಸರ್ ಎಂದೆ. ನಿಮ್ಮ ಮನಸ್ಸು ನೋಯಬಾರದೆಂದು, ಎಂದು ಏನೇನೋ ಹೇಳಲು ಹೋದೆ. ಕೈ ಎತ್ತಿ ತಡೆದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು, ಕಾಲು ಹಿಡಿದು ಅತ್ತುಬಿಡುತ್ತಿದ್ದೆ. "ಮಂದಿ ನನಗ ಮರ್ಯಾದಿ ಕೊಡ್ತಾರ, ಕೊಡ್ಲಿ. ನಿನ್ನ ಕಡೆಯಿಂದ ನಾ ಅದನ್ನ ಬೇಡಿರಲಿಲ್ಲ ತಂಗಿ" ಎಂದಷ್ಟೇ ಅಂದು ಕಿಟಕಿಯ ಕಡೆ ತಿರುಗಿದರು.

ಆ ವಾರವೇ ಅವರು ವೃತ್ತಿಯ ಸರ್ಟಿಫಿಕೇಟು ವಾಪಸು ಒಪ್ಪಿಸಲು ಅರ್ಜಿ ಬರೆದರು. ಬೋರ್ಡು ಇಳಿಸಿದರು. ಕಕ್ಷಿದಾರರಿಗೆಲ್ಲ ತಾವೇ ಫೋನು ಮಾಡಿ, ನನ್ನ ಹೆಸರು ಹೇಳಿ, ಇನ್ನು ಮುಂದೆ ಆಕೆಯ ಹತ್ತಿರ ಹೋಗಿ ಎಂದರು. ನನ್ನ ಮೇಲೆ ಒಂದು ಕೆಟ್ಟ ಮಾತು ಯಾರ ಬಳಿಯೂ ಆಡಲಿಲ್ಲ. ನಾನು ಅವರ ಕುರ್ಚಿಯಲ್ಲಿ ಕುಳಿತೆ. ಆಡಿಟರ್ ಮೇಡಂ ಎಂದು ಜನ ಕರೆಯಲು ಶುರು ಮಾಡಿದರು. ಬೆಳಗಿನ ರೈಲಿನಲ್ಲಿ ಮಾತ್ರ ನಾವು ಕೂರುತ್ತಿದ್ದ ಡಬ್ಬಿ ಬಿಟ್ಟು ಬೇರೆ ಡಬ್ಬಿ ಹತ್ತುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅವರ ಮನೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಅವರೂ ಬರಬೇಡ ಎನ್ನಲಿಲ್ಲ. ಬಾ, ಕುಂದ್ರು, ಚಾ ಕುಡಿ ಎನ್ನುವರು. ಮಳೆ, ಬಸ್ಸಿನ ಗದ್ದಲ, ಅಪ್ಪನ ಮೊಣಕಾಲು ನೋವು, ಎಲ್ಲ ಕೇಳುವರು. ಕೆಲಸದ ಸುದ್ದಿ ಎತ್ತಿದರೆ ಮಾತ್ರ ಎದ್ದು ಒಳಗೆ ಹೋಗುವರು. ಒಂದು ದಿನ ಧೈರ್ಯ ಮಾಡಿ ನನ್ನದು ತಪ್ಪಾಯಿತು ಸರ್ ಎಂದೆ. "ಹೌದು, ಆತು" ಎಂದರು. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಲ್ಲ ಬಿಡು ತಂಗಿ ಎಂದು ಒಂದು ಸುಳ್ಳು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಅವರ ಮೇಲೆಯೇ ಸಿಟ್ಟಾದೆ. ಅವರು ಅಂಥ ಸುಳ್ಳು ಹೇಳುವ ಮನುಷ್ಯರಾಗಿರಲಿಲ್ಲ.

ಆಮೇಲೆ ಮರೆವು ದಡದಡನೆ ಇಳಿಯಿತು. ಮೊದಲು ನನ್ನ ಹೆಸರು ಹೋಯಿತು, ಆಮೇಲೆ ನಾನೇ ಹೋದೆ. ಯಾವ ಊರಿನವರ್ರಿ ಎಂದು ಬಹುವಚನದಲ್ಲಿ ಕೇಳತೊಡಗಿದರು. ಆದರೆ ಆದಾಯ ತೆರಿಗೆಯ ಕಲಮುಗಳು ಮಾತ್ರ ಹೋಗಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಒಂದೊಂದಾಗಿ, ಅಂಕಿ, ಉಪಕಲಮು, ಅದರ ಕೆಳಗಿನ ಷರತ್ತು ಸಹಿತ ಒಪ್ಪಿಸುವರು. ಒಂದೂ ತಪ್ಪುತ್ತಿರಲಿಲ್ಲ. ಅಮ್ಮಾರು ನನ್ನ ಮುಖ ನೋಡಿ, ಸರಿ ಹೇಳಾಕ ಹತ್ಯಾರೇನವ್ವ ಎಂದು ಆಸೆಯಿಂದ ಕೇಳುತ್ತಿದ್ದರು. ಸರಿಯಾಗೇ ಇದೆ ಅಮ್ಮ ಎನ್ನುತ್ತಿದ್ದೆ. ಅಷ್ಟರಲ್ಲಿ ಸರ್ಕಾರ ಆ ಕಾಯ್ದೆಯನ್ನೇ ತೆಗೆದು ಹೊಸದೊಂದನ್ನು ತಂದಿತ್ತು. ಅವರಿಗೆ ನೆನಪಿದ್ದ ಒಂದೇ ಒಂದು ಕಾಯ್ದೆಯೂ ರದ್ದಾಗಿತ್ತು. ಅದನ್ನು ನಾನು ಅಮ್ಮಾರಿಗೆ ಹೇಳಲಿಲ್ಲ.

ಒಂದು ಬುಧವಾರ ಬೆಳಿಗ್ಗೆ ತೀರಿಕೊಂಡರು. ಮಣ್ಣಿಗೆ ಬಹಳ ಮಂದಿ ಸೇರಿದ್ದರು. ಹಾವೇರಿಯ ವಕೀಲರು, ರಾಣೆಬೆನ್ನೂರಿನ ಅಂಗಡಿಕಾರರು, ರೈಲಿನಲ್ಲಿ ದಿನಾ ಓಡಾಡುವವರು, ಎಲ್ಲರೂ ಬಂದಿದ್ದರು. ಎಂಥ ಮನುಷ್ಯ, ಕೊನೆಯತನಕ ಓದಿದ ಮನುಷ್ಯ ಎಂದು ನನ್ನ ಹತ್ತಿರ ಬಂದು ಹೇಳಿ ಹೋಗುತ್ತಿದ್ದರು. ಬ್ಯಾಡಗಿಯ ಸಾವುಕಾರರೂ ಬಂದಿದ್ದರು. ಎಲ್ಲ ಮುಗಿದು ಜನ ಕರಗಿದ ಮೇಲೆ ಅವರು ನನ್ನ ಪಕ್ಕದ ಕಟ್ಟೆಗೆ ಬಂದು ಕುಳಿತರು. ಅವರ ಮುಖ ನೋಡಿ ಮಾತಾಡಲು ನನಗೆ ಅಂದಿನಿಂದ ಆಗಿರಲಿಲ್ಲ. ಅವತ್ತು ನಾನು ಆಫೀಸಿನಲ್ಲಿದ್ದಿದ್ದರೆ ನಿಮಗೆ ಹಾಗಾಗುತ್ತಿರಲಿಲ್ಲ ಎಂದೆ.

ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಹೇಳಿದರು:

"ಅವತ್ತ ಸಾಹೇಬ್ರು ನನ್ನ ಹೆಸರ ಎರಡ ಸರ್ತಿ ಕೇಳಿದ್ರು ಮೇಡಮ್ಮಾರ. ಇಪ್ಪತ್ತೈದು ವರ್ಷದ ಗಿರಾಕಿ ನಾ. ಆವಾಗ್ಲೇ ತಿಳೀತು. ಮಗ ಹುಬ್ಬಳ್ಳ್ಯಾಗ ಬ್ಯಾರೆ ಕಡೆ ತೋರಸೂಣು ಅಂದ. ನಾನ ಬ್ಯಾಡ ಅಂದ್ನಿ, ಅವರ ಮನಸಿಗೆ ಹತ್ತತೈತಿ ಅಂತ."

ನನಗೊಂದು ಫೋನು ಮಾಡಬಾರದಿತ್ತೇ ಎಂದು ಕೇಳಿದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಮಾಡಬೇಕಂತ ಫೋನ ಕೈಯಾಗ ಹಿಡಿದಿದ್ನಿ. ಆಮ್ಯಾಲ ವಿಚಾರ ಬಂತು. ನೀವು ಇದ್ದದ್ದನ್ನ ಇದ್ದಂಗ ಅನ್ನಾವರು, ದಿನಾ ಅವರ ಜೋಡಿ ಇರಾವರು. ನಿಮ್ಮಂಥಾವರ ಸುಮ್ನ ಅದಾರ ಅಂದಮ್ಯಾಲ ಅವರಿಗೆ ಏನೂ ಆಗಿರಲಿಕ್ಕಿಲ್ಲ, ನನಗ ಭ್ರಮಿ ಆಗೈತಿ ಅಂತ ಫೋನ ಕೆಳಗಿಟ್ನಿ."

ಅವರು ಅದನ್ನು ದೂರಿನಂತೆ ಹೇಳಲಿಲ್ಲ. ನನ್ನ ಮೇಲಿದ್ದ ನಂಬಿಕೆಯನ್ನು ಹೇಳಿದ್ದರು ಅಷ್ಟೇ. ಆಮೇಲೆ ಎದ್ದು, ಟೋಪಿ ತಲೆಗೇರಿಸಿ, ಅಮ್ಮಾರನ್ನು ಮಾತಾಡಿಸಿ ಬರುತ್ತೇನೆಂದು ಒಳಗೆ ಹೋದರು. ನಿಮಗೆ ಭ್ರಮೆಯಾಗಿರಲಿಲ್ಲ, ನನಗೆ ಎರಡು ವರ್ಷದಿಂದ ಗೊತ್ತಿತ್ತು ಎಂದು ಹೇಳಲು ಇಷ್ಟು ಹತ್ತಿರದಲ್ಲಿ ಕುಳಿತಿದ್ದೆ. ಅವರಿಗೂ ನಾನು ಹೇಳಲಿಲ್ಲ.